ಕಾರವಾರ, ಹೊನ್ನಾವರ, ಮುರುಡೇಶ್ವರ, ಮಲ್ಪೆ: ಕಡಲ ಜೀವಿ ನೋಡಲು, ಮೀನೂಟ ಮಾಡಲು ಯಾವ ಊರಿಗೆ ಹೋಗಬೇಕು?

ಡಾಲ್ಫಿನ್ ನೋಡುವ ಆಸೆಯಲ್ಲಿ ಮಲ್ಪೆಗೆ ಹೋದವರು, ಬೋಟು ತುಂಬ ಮೀನು ಇಳಿಯುವುದನ್ನು ಕಾಣಲು ಮುರುಡೇಶ್ವರಕ್ಕೆ ಹೋದವರು, ಗಾಳಿಯ ಸಿಲಿಂಡರ್ ಹೊತ್ತು ನೀರಿಗಿಳಿಯುವ ಸ್ಕೂಬಾ ಮಾಡುತ್ತೇವೆಂದು ಜೂನ್ ತಿಂಗಳಲ್ಲಿ ರೈಲು ಹತ್ತಿದವರು, ಮೂವರೂ ನಿರಾಸೆಯಿಂದಲೇ ಮರಳುತ್ತಾರೆ. ತಪ್ಪು ಊರಿನದ್ದಲ್ಲ. ಕರಾವಳಿಯ ಊರುಗಳು ಫೋಟೋದಲ್ಲಿ ಒಂದೇ ಥರ ಕಂಡರೂ ಒಂದೊಂದರ ಕಡಲೂ ಬೇರೆ. ಒಂದರ ಮುಂದೆ ನದಿ ಕಡಲು ಸೇರುವ ಅಳಿವೆ ಇದೆ, ಇನ್ನೊಂದರ ಮುಂದೆ ಬಂಡೆಯ ದ್ವೀಪ, ಮತ್ತೊಂದರಲ್ಲಿ ಮೀನುಗಾರಿಕೆ ಬಂದರು. ಯಾವ ಜೀವಿ ಎಲ್ಲಿ ಸಿಗುತ್ತದೆ ಎನ್ನುವುದು ಇದರ ಮೇಲೆ ನಿಂತಿದೆ. ಏನು ನೋಡಬೇಕು ಎಂದು ಮೊದಲು ತೀರ್ಮಾನಿಸಿದರೆ ಊರು ತಾನಾಗಿ ಗೊತ್ತಾಗುತ್ತದೆ.

ಅವಸರದಲ್ಲಿರುವವರಿಗೆ ಒಂದೇ ಮಾತಿನಲ್ಲಿ: ಡಾಲ್ಫಿನ್‌ಗೆ ಕಾರವಾರ, ನೀರಿನೊಳಗಿನ ಲೋಕಕ್ಕೆ ಮುರುಡೇಶ್ವರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲಾಮೆ ಮತ್ತು ಚಿಪ್ಪಿಗೆ ಹೊನ್ನಾವರ, ಮೀನಿನ ವ್ಯಾಪಾರ ಮತ್ತು ಊಟಕ್ಕೆ ಮಲ್ಪೆ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದು ಒಂದೇ ಊರಿಗೆ ಹೋಗುವಷ್ಟು ಸಮಯವಿದ್ದರೆ ಹೊನ್ನಾವರ. ಕಾರಣ ಮುಂದೆ ಇದೆ.

ಊರಿಗಿಂತ ಮೊದಲು ತಿಂಗಳು

ತಪ್ಪು ತಿಂಗಳಲ್ಲಿ ಹೋದರೆ ಸರಿಯಾದ ಊರೂ ಕೈಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಪ್ರವಾಸಿ ಬೋಟುಗಳು ನಿಂತಿರುತ್ತವೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೂ ಹೋಗಲಾಗದು, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಲಾಗದು. ಮಳೆ ನಿಂತ ಮೇಲೂ ಒಂದಷ್ಟು ದಿನ ನದಿಗಳು ಹೊತ್ತು ತಂದ ಕೆಂಪು ಮಣ್ಣು ಕಡಲಲ್ಲಿ ತೇಲುತ್ತಿರುತ್ತದೆ. ಅಕ್ಟೋಬರ್ ಮೊದಲ ವಾರ ಸ್ಕೂಬಾಕ್ಕೆ ಹೋದವರಿಗೆ ನೀರೊಳಗೆ ಹಸಿರು ಮಂಜು ಮಾತ್ರ ಕಂಡರೆ ಆಶ್ಚರ್ಯವಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿ, ಗಾಳಿ ಕಡಿಮೆ, ಸೆಕೆಯೂ ಕಡಿಮೆ. ಮಾರ್ಚ್ ನಂತರ ಮಧ್ಯಾಹ್ನದ ವಾಯವ್ಯ ಗಾಳಿ ಜೋರಾಗುತ್ತದೆ, ಬೆವರಿಗೆ ಬಟ್ಟೆ ಮೈಗಂಟುತ್ತದೆ.

ಮೀನಿನ ಲೆಕ್ಕ ಸ್ವಲ್ಪ ಬೇರೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲವದು. ಆಗ ಹೋಟೆಲಿನಲ್ಲಿ ಸಿಗುವ ದೊಡ್ಡ ಅಂಜಲ್ (ಕಿಂಗ್‌ಫಿಶ್), ಮಾಂಜಿ (ಪಾಂಫ್ರೆಟ್) ಮೀನುಗಳಲ್ಲಿ ಬಹುಪಾಲು ಹಿಂದೆಯೇ ಹಿಡಿದು ಶೀತಲಗೃಹದಲ್ಲಿಟ್ಟದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಆ ದಿನಗಳಲ್ಲಿ ತಾಜಾ ಬೇಕಿದ್ದರೆ ನಾಡದೋಣಿಯವರು ತಂದ ಸಣ್ಣ ಮೀನು, ಹೊಳೆಮೀನು, ಸಿಗಡಿ ಕೇಳಿ. ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಎಲ್ಲ ಬೋಟುಗಳೂ ಅಂದೇ ಇಳಿಯುವುದಿಲ್ಲ. ಸಮುದ್ರ ಪೂಜೆ ಮಾಡಿ, ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಅಬ್ಬರ ಇಳಿದ ಮೇಲೆಯೇ ಹೊರಡುವವರು ಬಹಳ. ಬಂಗುಡೆ (ಮ್ಯಾಕೆರೆಲ್), ಬೂತಾಯಿ (ಸಾರ್ಡಿನ್) ಮೀನುಗಳಿಗೆ ಕೊಬ್ಬು ತುಂಬಿ ರುಚಿ ಏರುವುದು ಮಳೆಗಾಲದ ಬೆನ್ನಿಗೆ. ಬರೀ ಮೀನೂಟಕ್ಕಾಗಿಯೇ ಹೋಗುವುದಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಜೀವಿಗಳನ್ನೂ ನೋಡಬೇಕೆಂದಿದ್ದರೆ ನವೆಂಬರ್‌ಗೆ ಕಾಯಿರಿ.

ದಿನದ ಹೊತ್ತಿನ ವಿಷಯದಲ್ಲಿ ನಾಲ್ಕೂ ಊರಿಗೆ ಒಂದೇ ನಿಯಮ: ಕಡಲಿನ ಮೇಲಿನ ಕೆಲಸವೆಲ್ಲ ಬೆಳಿಗ್ಗೆ 10ರೊಳಗೆ ಮುಗಿಯಬೇಕು. ನೆಲ ಕಾದಂತೆ ಕಡಲಗಾಳಿ ಏಳುತ್ತದೆ. 11ರ ನಂತರ ಅಲೆಗಳ ತುದಿ ಬಿಳಿಯಾಗತೊಡಗಿದರೆ ಡಾಲ್ಫಿನ್ ಬೆನ್ನಿಗೂ ಅಲೆಗೂ ವ್ಯತ್ಯಾಸ ತಿಳಿಯದು, ಬೋಟಿನಲ್ಲಿ ವಾಂತಿಯೂ ಶುರು.

ಕಾರವಾರ: ಅಳಿವೆ ಬಾಯಿಯ ಡಾಲ್ಫಿನ್

ಕಾಳಿ ನದಿ ಕಡಲು ಸೇರುವಲ್ಲಿ ದೇವಬಾಗ, ಅದರಾಚೆ ಕೂರ್ಮಗಡ ದ್ವೀಪ, ಮುಂದೆ ದೀಪಸ್ತಂಭವಿರುವ ದೇವಗಡ. ಈ ನಡುವಿನ ಆಳವಿಲ್ಲದ ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಓಡಾಡುತ್ತವೆ. ಇವು ಹೊರಸಮುದ್ರದ ಡಾಲ್ಫಿನ್‌ಗಳಲ್ಲ. ಸಾಮಾನ್ಯವಾಗಿ 20 ಮೀಟರಿಗಿಂತ ಕಡಿಮೆ ಆಳದಲ್ಲಿ, ದಡದ ಹತ್ತಿರವೇ, ಅಳಿವೆಗೆ ಬರುವ ಮೀನನ್ನು ನಂಬಿ ಬದುಕುವಂಥವು. ಅದಕ್ಕೇ ಕಾರವಾರದಲ್ಲಿ ಅರ್ಧ ಗಂಟೆ ದೋಣಿ ಪ್ರಯಾಣದೊಳಗೆ ಕಾಣುವ ಸಾಧ್ಯತೆ ಚೆನ್ನಾಗಿದೆ. ದಡಕ್ಕೆ ಇಷ್ಟು ಹತ್ತಿರ ಇರುವುದರಿಂದಲೇ ಬಲೆ, ಬೋಟು, ಕೊಳಕು ನೀರು ಎಲ್ಲವೂ ಇವಕ್ಕೇ ಮೊದಲು ತಟ್ಟುತ್ತವೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇವು ಅಪಾಯದಂಚಿನ ಜೀವಿಗಳು, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿವೆ.

ನೋಡುವುದು ಹೇಗೆಂದು ಗೊತ್ತಿಲ್ಲದಿದ್ದರೆ ಎದುರಿಗಿದ್ದರೂ ತಪ್ಪಿಹೋಗುತ್ತದೆ. ಟಿವಿಯಲ್ಲಿ ಕಾಣುವಂತೆ ಗಾಳಿಗೆ ಜಿಗಿಯುವುದು ಇವುಗಳಲ್ಲಿ ಅಪರೂಪ. ಮೊದಲು ಉದ್ದ ಮೂತಿ ಓರೆಯಾಗಿ ಹೊರಬರುತ್ತದೆ, "ಪುಸ್" ಎಂದು ಉಸಿರಿನ ಸದ್ದು, ಅದರ ಹಿಂದೆ ಬೂದುಬಣ್ಣದ ಗೂನು, ಗೂನಿನ ಮೇಲೆ ಪುಟ್ಟ ರೆಕ್ಕೆ, ಆಮೇಲೆ ನೀರು ಮುಚ್ಚಿಕೊಳ್ಳುತ್ತದೆ. ಒಟ್ಟು ಒಂದೆರಡು ಸೆಕೆಂಡು. ಹೀಗೆ ನಾಲ್ಕೈದು ಸಲ ಉಸಿರೆಳೆದುಕೊಂಡು ಕೆಲವು ನಿಮಿಷ ಮುಳುಗಿಬಿಡುತ್ತದೆ. ಕ್ಯಾಮೆರಾದ ಕಿಂಡಿಯಲ್ಲಿ ಹುಡುಕಬೇಡಿ. ಬರಿಗಣ್ಣಿನಿಂದ ಅಗಲಕ್ಕೆ ನೋಡುತ್ತಾ, ಕಿವಿಯನ್ನೂ ತೆರೆದಿಟ್ಟರೆ ಬಹಳ ಸಲ ಉಸಿರಿನ ಸದ್ದೇ ಮೊದಲು ಸುಳಿವು ಕೊಡುತ್ತದೆ. ಕಡಲು ಕನ್ನಡಿಯಂತಿರುವ ದಿನ ರೆಕ್ಕೆಯೇ ಇಲ್ಲದ ಚಿಕ್ಕ ಕಪ್ಪು ಬೆನ್ನೊಂದು ಉರುಳಿದಂತೆ ಕಂಡರೆ, ಅದು ರೆಕ್ಕೆಯಿಲ್ಲದ ಪಾರ್ಪಾಯಿಸ್. ಅದನ್ನು ನೋಡಲು ನಿಜಕ್ಕೂ ಅದೃಷ್ಟ ಬೇಕು.

ದೋಣಿಯವರ ಜೊತೆ ಹೊರಡುವ ಮುಂಚೆಯೇ ಮಾತಾಡಿಕೊಳ್ಳಬೇಕಾದ ಸಂಗತಿಗಳಿವೆ. ದರ ತಲೆಗೋ ಇಡೀ ದೋಣಿಗೋ, ನೀರಿನ ಮೇಲೆ ಎಷ್ಟು ಹೊತ್ತು, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ. ಇವಕ್ಕಿಂತ ಮುಖ್ಯವಾದದ್ದು: "ಕಂಡ ಮೇಲೆ ಬೆನ್ನಟ್ಟಬೇಡಿ, ಇಂಜಿನ್ ನಿಧಾನ ಮಾಡಿ ಕನಿಷ್ಠ 50 ಮೀಟರ್ ದೂರದಲ್ಲಿ ಅವು ಹೋಗುವ ದಿಕ್ಕಿಗೆ ಸಮಾನಾಂತರವಾಗಿ ಹೋಗೋಣ." ಪ್ರವಾಸಿಗರನ್ನು ಖುಷಿಪಡಿಸಲೆಂದು ದೋಣಿಯನ್ನು ನೇರ ಗುಂಪಿನ ಮೇಲೆ ನುಗ್ಗಿಸುವುದುಂಟು. ಡಾಲ್ಫಿನ್ ದಾರಿ ಹುಡುಕುವುದೂ ಬೇಟೆಯಾಡುವುದೂ ಸದ್ದಿನಿಂದ. ಇಂಜಿನ್ ಸದ್ದು ತಲೆಮೇಲೆ ಬಂದರೆ ಮುಳುಗಿ ಬೇರೆಡೆ ಏಳುತ್ತದೆ, ನಿಮಗೆ ಉಳಿಯುವುದು ಸುಳಿನೀರು. ತಾಯಿಯ ಪಕ್ಕ ಮರಿ ಇದ್ದರಂತೂ ಹತ್ತಿರ ಹೋಗಲೇಬಾರದು. ದೋಣಿ ಸುಮ್ಮನೆ ನಿಂತಾಗಲೇ ಡಾಲ್ಫಿನ್ ಹೆಚ್ಚು ಹತ್ತಿರ ಬರುತ್ತದೆ. ಇದನ್ನು ಚೆನ್ನಾಗಿ ಬಲ್ಲ ದೋಣಿಯವರೂ ಅಲ್ಲಿದ್ದಾರೆ, ಕೇಳಿದರೆ ಒಪ್ಪುತ್ತಾರೆ.

ಕಾರವಾರದಲ್ಲಿ ನೌಕಾನೆಲೆಯಿದೆ. ಅಂಜುದೀವ್ ದ್ವೀಪಕ್ಕೆ ಪ್ರವೇಶವಿಲ್ಲ. ಡ್ರೋನ್ ಹಾರಿಸುವ ಯೋಚನೆ ಬೇಡ. ಬಿಸಿಲೇರಿದ ಮೇಲೆ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯ ಸಂಗ್ರಹಾಲಯ ಮಕ್ಕಳಿಗೆ ಹಿಡಿಸುತ್ತದೆ. ಈ ಊರಿನ ದೊಡ್ಡ ಕೊರತೆ ದೂರ: ಬೆಂಗಳೂರಿನಿಂದ 500 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಮುಟ್ಟಿಸುತ್ತದೆ, ಆದರೆ ಆ ಬೆಳಗಿನ ದೋಣಿ ತಪ್ಪುವುದು ಖಾತ್ರಿ. ಒಂದು ರಾತ್ರಿ ತಂಗಲೇಬೇಕು.

ಮುರುಡೇಶ್ವರ: ನೇತ್ರಾಣಿಯ ನೀರಿನೊಳಗೆ

ಮುರುಡೇಶ್ವರ ಎಂದರೆ 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ. ಕಡಲ ಜೀವಿಗಳ ಮಟ್ಟಿಗೆ ಮಾತ್ರ ಊರು ಬರೀ ಹೆಬ್ಬಾಗಿಲು. ನೋಡಬೇಕಾದ್ದೆಲ್ಲ ಸುಮಾರು 19 ಕಿಲೋಮೀಟರ್ ಆಚೆ, ನೇತ್ರಾಣಿ ದ್ವೀಪದ ಸುತ್ತ. ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆ. ದ್ವೀಪದ ಮೇಲೆ ಇಳಿಸುವುದಿಲ್ಲ. ಬಂಡೆಗಳು ನೇರ ನೀರಿಗಿಳಿದಿರುವ ಕಡೆ ಲಂಗರು ಹಾಕಿ ಅಲ್ಲಿಂದಲೇ ಧುಮುಕುವುದು.

ದಡದಲ್ಲಿ ಸಿಗದ ತಿಳಿನೀರು ಅಲ್ಲೇಕೆ? ನದಿಯ ಕೆಸರು ಅಷ್ಟು ದೂರ ಅಷ್ಟಾಗಿ ಮುಟ್ಟುವುದಿಲ್ಲ. ಬಂಡೆಗಳಿಗೆ ಹವಳ, ಸ್ಪಂಜು ಅಂಟಿಕೊಂಡಿವೆ, ಅವನ್ನು ನಂಬಿ ಬಣ್ಣದ ಮೀನುಗಳು ಸೇರಿವೆ. ಗಿಳಿಮೀನು, ಚಿಟ್ಟೆಮೀನು, ಬಂಡೆಸಂದಿನಿಂದ ಬಾಯಿ ತೆರೆದು ನೋಡುವ ಮೊರೇ ಈಲ್ ಎಂಬ ಹಾವುಮೀನು, ಬರಾಕುಡಾಗಳ ಹಿಂಡು, ಆಗೊಮ್ಮೆ ಈಗೊಮ್ಮೆ ಕಡಲಾಮೆ. ತಿಮಿಂಗಿಲ ಸೊರ (ವೇಲ್ ಶಾರ್ಕ್) ಕಂಡಿರುವುದೂ ಉಂಟು, ಆದರೆ ಅದನ್ನು ನಂಬಿ ಟಿಕೆಟ್ ಮಾಡಿಸಬೇಡಿ. ತಲೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿರುತ್ತದೆ, ಬೋಟಿನಲ್ಲಿ ಕಾಯುವವರು ಅದನ್ನಾದರೂ ನೋಡಲಿ.

ಈಜು ಬರದವರೂ ಸ್ಕೂಬಾ ಮಾಡಬಹುದು. ಮೊದಲ ಸಲದವರನ್ನು ತರಬೇತುದಾರ ಕೈಹಿಡಿದೇ ಕರೆದೊಯ್ಯುತ್ತಾರೆ, 6ರಿಂದ 12 ಮೀಟರ್ ಆಳ, ಅರ್ಧ ಗಂಟೆಯ ಆಸುಪಾಸು. ಮಕ್ಕಳಿಗೆ ಕನಿಷ್ಠ 10 ವರ್ಷ ಆಗಿರಬೇಕು. ಬಹಳ ಜನರಿಗೆ ಅರ್ಧಕ್ಕೇ ವಾಪಸಾಗಬೇಕಾಗುವುದು ಉಸಿರಿನಿಂದಲ್ಲ, ಕಿವಿಯಿಂದ. ನೀರಿನ ಒತ್ತಡ 10 ಮೀಟರಿಗೆ ಎರಡು ಪಟ್ಟಾಗುತ್ತದೆ, ಅದರಲ್ಲೂ ಮೊದಲ ಎರಡು ಮೂರು ಮೀಟರಿನಲ್ಲೇ ಕಿವಿತಮಟೆ ಒಳಕ್ಕೆ ಒತ್ತಿಕೊಂಡು ಚುಚ್ಚಿದಂತಾಗುತ್ತದೆ. ನೋವು ಬಂದ ಮೇಲೆ ಜೋರಾಗಿ ಊದಿದರೆ ಪ್ರಯೋಜನವಿಲ್ಲ, ಮೂಗು ಕಿವಿ ಸೇರಿಸುವ ನಾಳ ಅಷ್ಟರಲ್ಲಿ ಬಿಗಿದುಕೊಂಡಿರುತ್ತದೆ. ನೋವಿಗೆ ಮುಂಚೆಯೇ, ಪ್ರತಿ ಅರ್ಧ ಒಂದು ಮೀಟರಿಗೊಮ್ಮೆ, ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು. ಆದರೂ ನೋವಾದರೆ ಸನ್ನೆ ಮಾಡಿ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಶೀತ, ಸೈನಸ್ ಕಟ್ಟಿದ್ದರೆ ಆ ದಿನ ಇಳಿಯಲೇಬೇಡಿ, ಮುಂಗಡ ಹಣ ಹೋದರೂ ಸರಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಇವುಗಳಲ್ಲಿ ಯಾವುದಿದ್ದರೂ ಆರೋಗ್ಯದ ಅರ್ಜಿಯಲ್ಲಿ ಮುಚ್ಚಿಡಬಾರದು. ಉಳಿದದ್ದು ಒಂದೇ ನಿಯಮ: ನೀರೊಳಗೆ ಉಸಿರು ಹಿಡಿಯಬೇಡಿ. ಹಿಡಿದು ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅಪಾಯ.

ಎರಡನೆಯ ತೊಂದರೆ ಬೋಟಿನ ವಾಂತಿ. ಬರಿಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ, ಸ್ವಲ್ಪ ನೀರು ಸಾಕು. ವಾಂತಿಯ ಮಾತ್ರೆ ತೆಗೆದುಕೊಳ್ಳುವುದಿದ್ದರೆ ಬೋಟು ಹತ್ತುವ ಒಂದು ಗಂಟೆ ಮುಂಚೆ ಬೇಕು, ತಲೆತಿರುಗಲು ಶುರುವಾದ ಮೇಲೆ ಅದು ಕೆಲಸ ಮಾಡದು. ಕೆಲವು ಮಾತ್ರೆಗಳು ನಿದ್ದೆ ತರುವುದರಿಂದ ನೀರಿಗಿಳಿಯುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಬೋಟಿನ ಹಿಂಭಾಗದಲ್ಲಿ, ಹೊಗೆ ಬಡಿಯದ ಕಡೆ ಕೂತು ದಿಗಂತ ನೋಡಿ.

ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಸ್ಕೂಬಾ ಮುಗಿಸಿ ಅದೇ ಸಂಜೆ ಬೆಂಗಳೂರು ಬಸ್ಸು ಹತ್ತಿದರೆ ರಾತ್ರಿಯೊಳಗೆ ಘಟ್ಟ ಏರಿರುತ್ತೀರಿ. ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗುವ ಮುಂಚೆ ಎತ್ತರಕ್ಕೆ ಹೋಗುವುದೂ ವಿಮಾನ ಹತ್ತುವುದೂ ಒಂದೇ ಜಾತಿಯ ಅಪಾಯ. ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯುವುದು ಸ್ಕೂಬಾ ಲೋಕದಲ್ಲಿ ಒಪ್ಪಿತ ಲೆಕ್ಕ. ಕಡಿಮೆ ಆಳದ ಒಂದೇ ಇಳಿತಕ್ಕೆ ಅಪಾಯ ಸಣ್ಣದು, ಹಾಗಂತ ಬೇಡವಾದ ಜೂಜೇಕೆ? ಮರುದಿನ ಬೆಳಿಗ್ಗೆ ಹೊರಡಿ. ಅಂದರೆ ಸ್ಕೂಬಾವನ್ನು ಪ್ರವಾಸದ ಮೊದಲ ದಿನ ಇಟ್ಟುಕೊಳ್ಳಿ, ಕೊನೆಯ ದಿನವಲ್ಲ. ಕಡಲು ಕೆಟ್ಟು ಬೋಟು ಬಿಡದಿದ್ದರೂ ಮರುದಿನ ಕೈಯಲ್ಲಿರುತ್ತದೆ.

ನೀರಿನ ಮೇಲೆಯೇ ತೇಲುತ್ತಾ ನೋಡುವ ಸ್ನಾರ್ಕೆಲಿಂಗ್ ಅಗ್ಗ, ಆದರೆ ನೀರು ತಿಳಿಯಿದ್ದ ದಿನ ಮಾತ್ರ ದುಡ್ಡಿಗೆ ಬೆಲೆ. ಕಾಯ್ದಿರಿಸುವಾಗ "ನಿನ್ನೆ ಎಷ್ಟು ಮೀಟರ್ ಕಾಣುತ್ತಿತ್ತು?" ಎಂದು ಕೇಳಿ. 5 ಮೀಟರಿಗಿಂತ ಕಡಿಮೆ ಎಂದರೆ ಸ್ನಾರ್ಕೆಲಿಂಗ್ ಬಿಡಿ. ಹವಳದ ಮೇಲೆ ಕಾಲಿಡಬೇಡಿ, ತುಂಡನ್ನೂ ತರಬೇಡಿ. ಹವಳವೂ ಮೊದಲ ಅನುಸೂಚಿಯ ಜೀವಿ, ಚೀಲದಲ್ಲಿ ಸಿಕ್ಕರೆ ಕೇಸು.

ಮುರುಡೇಶ್ವರದ ಕಡಲಲ್ಲಿ ಈಜುವುದು ಬೇರೆ ಪ್ರಶ್ನೆ. ತೀರ ಚಪ್ಪಟೆಯಾಗಿ ಸೌಮ್ಯವಾಗಿ ಕಂಡರೂ ಹಿಂದಕ್ಕೆಳೆಯುವ ಸೆಳೆತವಿದೆ. ಜೀವರಕ್ಷಕರು ಗುರುತು ಹಾಕಿದ ಜಾಗ ಬಿಟ್ಟು ಇಳಿಯಬಾರದು.

ಹೊನ್ನಾವರ: ಉಬ್ಬರ ಇಳಿತ ನೋಡಿ ಹೋಗಬೇಕಾದ ಊರು

ಶರಾವತಿ ಇಲ್ಲಿ ಕಡಲು ಸೇರುತ್ತದೆ. ಕಾಸರಕೋಡು ತೀರಕ್ಕೆ 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ. ಹತ್ತಿರದಲ್ಲೇ ಶರಾವತಿ ಕಾಂಡ್ಲಾ ನಡಿಗೆಯ ಮರದ ಹಾದಿಯಿದೆ. ಇದೇ ಹಾದಿಯನ್ನು ಒಬ್ಬರು "ಅದ್ಭುತ" ಎನ್ನುತ್ತಾರೆ, ಇನ್ನೊಬ್ಬರು "ಏನೂ ಇಲ್ಲ, ಬರೀ ಗಿಡ" ಎನ್ನುತ್ತಾರೆ. ಇಬ್ಬರ ಮಾತೂ ನಿಜ, ಹೋದ ಹೊತ್ತು ಬೇರೆ. ಉಬ್ಬರದಲ್ಲಿ ನೀರು ಬೇರುಗಳನ್ನೆಲ್ಲ ಮುಚ್ಚಿರುತ್ತದೆ. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಹಾದಿಯ ಕಟಕಟೆಗೆ ಒರಗಿ ಐದು ನಿಮಿಷ ಅಲುಗದೆ ನಿಲ್ಲಿ. ಖಾಲಿಯೆಂದು ಕಂಡ ಕೆಸರಿನ ತೂತುಗಳಿಂದ ಒಂದೊಂದೇ ಏಡಿ ಹೊರಬರುತ್ತದೆ. ಗಂಡಿಗೆ ಒಂದು ಕೊಂಬು (ಇಕ್ಕುಳದಂಥ ಮುಂಗಾಲು) ಮೈಯಷ್ಟೇ ದೊಡ್ಡದು, ಅದನ್ನೆತ್ತಿ ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಅದರ ಪಕ್ಕದಲ್ಲಿ ಉಬ್ಬುಗಣ್ಣಿನ ಕೆಸರುಮೀನು ಎದೆರೆಕ್ಕೆಗಳನ್ನು ಊರುಗೋಲಿನಂತೆ ಊರಿ ನಡೆಯುತ್ತದೆ. ಕಿವಿರಿನ ಚೀಲದಲ್ಲಿ ನೀರು ತುಂಬಿಕೊಂಡೇ ಹೊರಬರುವುದರಿಂದ ಅದಕ್ಕೆ ನೆಲದ ಮೇಲೂ ಉಸಿರಾಟ. ನಿಮ್ಮ ನೆರಳು ಬಿದ್ದರೆ ಎಲ್ಲವೂ ಒಂದೇ ಕ್ಷಣದಲ್ಲಿ ಮಾಯ.

ಹಾಗಾಗಿ ನಡಿಗೆಗೆ ಇಳಿತ, ದೋಣಿಗೆ ಉಬ್ಬರ. ಇಳಿತದಲ್ಲಿ ದೋಣಿ ಒಳಗಾಲುವೆಗೆ ನುಗ್ಗಲಾರದೆ ದೊಡ್ಡ ಹೊಳೆಯಲ್ಲೇ ಸುತ್ತಿಸಿ ತರುತ್ತಾರೆ. ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋಗುವ ಹಿಂದಿನ ದಿನ ಮೊಬೈಲಿನಲ್ಲಿ ಅಥವಾ ದೋಣಿಯವರಲ್ಲಿ ವೇಳೆ ಕೇಳಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಹೆಚ್ಚು, ಕೆಸರು ಹೆಚ್ಚು ದೂರ ತೆರೆದುಕೊಳ್ಳುತ್ತದೆ.

ಇಲ್ಲಿನ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮಾರ್ಚ್, ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ಅರಣ್ಯ ಇಲಾಖೆಯವರು ಗೂಡಿಗೆ ಬಲೆಯ ಬೇಲಿ ಹಾಕಿ ಕಾಯುತ್ತಾರೆ, ಮೀನುಗಾರರೇ ಅವರಿಗೆ ಸುದ್ದಿ ಮುಟ್ಟಿಸುತ್ತಾರೆ. ಮರಿ ಬಿಡುವುದನ್ನು ನೋಡಬೇಕಿದ್ದರೆ ಫೆಬ್ರವರಿ ಮಾರ್ಚ್‌ನಲ್ಲಿ ಹೋಗಿ ಸ್ಥಳೀಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ದಿನಾಂಕ ಯಾರ ಕೈಯಲ್ಲೂ ಇಲ್ಲ. ರಾತ್ರಿ ತೀರದಲ್ಲಿ ಟಾರ್ಚ್ ಹಾಕಿಕೊಂಡು ಹುಡುಕುವುದು ಮಾತ್ರ ಬೇಡವೇ ಬೇಡ. ಮೊಟ್ಟೆಯಿಡಲು ಬಂದ ಆಮೆ ಬೆಳಕಿಗೆ ಹೆದರಿ ಹಿಂದಿರುಗುತ್ತದೆ. ಮರಿಗಳು ಬೆಳಕಿದ್ದ ಕಡೆಗೇ ನಡೆಯುವುದರಿಂದ ಕಡಲಿಗೆ ಬದಲು ನಿಮ್ಮ ಮೊಬೈಲಿನತ್ತ, ರಸ್ತೆಯತ್ತ ಹೋಗಿ ಸಾಯುತ್ತವೆ.

ಹೊನ್ನಾವರವನ್ನು ಮೇಲೆ ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಅದಿರುವ ಜಾಗ. ದಕ್ಷಿಣಕ್ಕೆ ಮುರುಡೇಶ್ವರ 27 ಕಿಲೋಮೀಟರ್. ಉತ್ತರಕ್ಕೆ ಕುಮಟಾ, ಅದರಾಚೆ ಅಘನಾಶಿನಿ ಅಳಿವೆ. ಆ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ. ಅಣೆಕಟ್ಟಿಲ್ಲದೆ ಹರಿಯುವ ನದಿಯಾದ್ದರಿಂದ ಸಿಹಿನೀರು ಉಪ್ಪುನೀರಿನ ಲೆಕ್ಕ ಕೆಟ್ಟಿಲ್ಲ, ಬಳಚು ಎಂಬ ಚಿಪ್ಪುಜೀವಿ ಹೇರಳ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ಹೆಂಗಸರು ಗಂಡಸರು ಬಳಚು ಹೆಕ್ಕುವುದನ್ನು ಸೇತುವೆಯ ಮೇಲಿನಿಂದಲೇ ನೋಡಬಹುದು. ವಾಹನ ಇದ್ದವರಿಗೆ ಹೊನ್ನಾವರದಲ್ಲಿ ತಂಗಿ ಇವೆಲ್ಲವನ್ನೂ ಮುಗಿಸುವುದು ಸುಲಭ.

ಮಲ್ಪೆ: ನೋಡುವುದಕ್ಕಿಂತ ಉಣ್ಣುವುದಕ್ಕೆ

ಉಡುಪಿಯಿಂದ 6 ಕಿಲೋಮೀಟರ್. ಊಟ, ವಸತಿ, ರೈಲು, ಆಸ್ಪತ್ರೆ ಎಲ್ಲದಕ್ಕೂ ನಾಲ್ಕು ಊರುಗಳಲ್ಲಿ ಇದೇ ಅನುಕೂಲ. ಕಡಲ ಜೀವಿಗಳ ವಿಷಯದಲ್ಲಿ ಮಾತ್ರ ಇದೇ ಹಿಂದೆ. ಸೇಂಟ್ ಮೇರೀಸ್ ದ್ವೀಪದ ಹೆಸರುವಾಸಿ ಕಲ್ಲಿಗೆ: ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗುತ್ತಾ ಸೀಳಿ ಕಂಬಗಳಾಗಿ ನಿಂತಿದೆ. ಅದಕ್ಕಾಗಿ ಹೋಗಿ, ಡಾಲ್ಫಿನ್‌ಗಾಗಿ ಬೇಡ. ಮೊಣಕಾಲು ನೋವಿದ್ದವರಿಗೆ ಒಂದು ಮಾತು: ದ್ವೀಪದ ಬಳಿ ದೊಡ್ಡ ಬೋಟಿನಿಂದ ಸಣ್ಣದಕ್ಕೆ ಇಳಿದು, ಪಾದ ನೆನೆಸಿಕೊಂಡು ದಡ ಸೇರಬೇಕಾಗಬಹುದು. ಕಲ್ಲುಗಳ ಅಂಚು ಹರಿತ, ಹಾಗಾಗಿ ಚಪ್ಪಲಿ ಕಾಲಿನಲ್ಲೇ ಇರಲಿ.

ಮಲ್ಪೆಯ ನಿಜವಾದ ನೋಟ ಬೆಳಗಿನ ಬಂದರು. 6 ಗಂಟೆಗೆಲ್ಲ ಧಕ್ಕೆಯ ಮೇಲೆ ಬುಟ್ಟಿಗಳು ಸಾಲಾಗಿರುತ್ತವೆ, ಹರಾಜು ಕೂಗುವವರ ಲೆಕ್ಕ ಹೊರಗಿನವರ ಕಿವಿಗೆ ಸಿಗದಷ್ಟು ಬಿರುಸು. ಕೆಲಸದ ಜಾಗವದು. ದಾರಿಗೆ ಅಡ್ಡ ನಿಲ್ಲಬೇಡಿ, ಜಾರದ ಚಪ್ಪಲಿ ಹಾಕಿ, ಮುಖದ ಫೋಟೋ ತೆಗೆಯುವ ಮುಂಚೆ ಕೇಳಿ.

ಬಂದರಿನ ಮೀನೆಲ್ಲ ತಾಜಾ ಎಂಬ ನಂಬಿಕೆ ಬಿಡಬೇಕು. ಆಳಸಮುದ್ರದ ಟ್ರಾಲ್ ಬೋಟು ಒಂದು ಸಲ ಹೊರಟರೆ ಎಂಟು ಹತ್ತು ದಿನ ಕಡಲಲ್ಲೇ ಇರುತ್ತದೆ. ಮೊದಲ ದಿನ ಹಿಡಿದ ಮೀನು ದಡ ಕಾಣುವಾಗ ವಾರಕ್ಕೂ ಹೆಚ್ಚು ಐಸಿನಲ್ಲಿ ಕಳೆದಿರುತ್ತದೆ. ಕೆಟ್ಟಿರುವುದಿಲ್ಲ, ಆದರೆ ರುಚಿ ಬೇರೆ. ಹಿಂದಿನ ರಾತ್ರಿ ಹೋಗಿ ಬೆಳಿಗ್ಗೆ ಬಂದ ನಾಡದೋಣಿಯ ಮೀನು, ದಡದಿಂದಲೇ ಎಳೆಯುವ ಕೈರಂಪಣಿಯ ಮೀನು, ಇವುಗಳ ಮುಂದೆ ಅದು ನಿಲ್ಲದು. ಮಾರುವವರನ್ನು "ಯಾವ ಬೋಟಿನದ್ದು?" ಎಂದು ಕೇಳುವುದು "ಫ್ರೆಶ್ಶಾ?" ಎಂದು ಕೇಳುವುದಕ್ಕಿಂತ ನೂರು ಪಾಲು ಮೇಲು.

ತಟ್ಟೆಯಲ್ಲಿ ಏನು ವ್ಯತ್ಯಾಸ

ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಮೀನಿನ ಹೆಸರೂ ಹುಳಿಯೂ ಬದಲಾಗುತ್ತವೆ. ಮಲ್ಪೆಯಲ್ಲಿ ಬೂತಾಯಿ ಎಂದದ್ದು ಕಾರವಾರದಲ್ಲಿ ತಾರ್ಲೆ, ಅಂಜಲ್ ಅಲ್ಲಿ ಇಸ್ವಾಣ, ಕಾಣೆ (ಲೇಡಿಫಿಶ್) ಅಲ್ಲಿ ನೋಗ್ಲಿ. ಬಂಗುಡೆ ಮಾತ್ರ ಬಾಂಗಡೆಯಾಗಿ ಗುರುತು ಉಳಿಸಿಕೊಳ್ಳುತ್ತದೆ. ಉಡುಪಿ ಕಡೆ ಹುಣಸೆಹುಳಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ಹುರಿದು ಅರೆದ ಗಟ್ಟಿ ಗಸಿ, ಖಾರದ ಪುಳಿಮುಂಚಿ, ಮರುವಾಯಿ ಎಂಬ ಚಿಪ್ಪುಜೀವಿಯ ಸುಕ್ಕ. ಕಾರವಾರದ ಸಾರಿನಲ್ಲಿ ಹಸಿ ಕಾಯಿಯ ಮೆದು, ಮುರುಗಲಿನ (ಕೋಕಂ) ಹುಳಿ, ಬಾಂಗಡೆಗೆ ನಾಲಿಗೆ ಜುಮ್ಮೆನ್ನಿಸುವ ತಿರ್ಫಳ ಎಂಬ ಮಸಾಲೆ. ಖಾರ ಕಡಿಮೆ ತಿನ್ನುವವರಿಗೆ, ಮಕ್ಕಳಿಗೆ ಕಾರವಾರದ ಅಡುಗೆಯೇ ಹಿತ. ಮುರುಡೇಶ್ವರದಲ್ಲಿ ದೇವಸ್ಥಾನದ ಆಸುಪಾಸಿನಲ್ಲಿ ಸಸ್ಯಾಹಾರಿ ಹೋಟೆಲುಗಳೇ ಹೆಚ್ಚು. ಅಲ್ಲಿರುವವರು ಒಳ್ಳೆಯ ಮೀನೂಟಕ್ಕೆ 16 ಕಿಲೋಮೀಟರ್ ದೂರದ ಭಟ್ಕಳಕ್ಕೆ ಹೋದರೆ ಅಲ್ಲಿನ ನವಾಯತ ಮುಸ್ಲಿಮರ ಅಡುಗೆಯ ರುಚಿಯೂ ಸಿಕ್ಕೀತು. ಹೊನ್ನಾವರ, ಕುಮಟಾದಲ್ಲಿ ಏನೇ ಬಿಟ್ಟರೂ ಬಳಚು ಬಿಡಬೇಡಿ.

ಕಾಣೆಗೆ ಮುಳ್ಳು ಕಡಿಮೆ, ಬೆನ್ನುಮೂಳೆ ಒಂದೇ ಎಳೆತಕ್ಕೆ ಬರುತ್ತದೆ, ಮೊದಲ ಸಲ ಮೀನು ತಿನ್ನುವವರಿಗೆ ಅದು. ಬೂತಾಯಿಗೆ ರುಚಿ ಹೆಚ್ಚು, ಮುಳ್ಳೂ ಹೆಚ್ಚು. ದೊಡ್ಡ ಮೀನಿಗೆ ಹಲವು ಹೋಟೆಲುಗಳಲ್ಲಿ ದರಪಟ್ಟಿಯಲ್ಲಿ "ದಿನದ ದರ" ಎಂದಷ್ಟೇ ಇರುತ್ತದೆ. ಮೀನನ್ನು ತೋರಿಸಿ, ತೂಕ ಹಾಕಿ, ಬೆಲೆ ಹೇಳಿಸಿಕೊಂಡೇ ಮಸಾಲೆ ಹಚ್ಚಲು ಹೇಳಿ. ಬಿಲ್ಲಿನ ಮೇಲಿನ ಜಗಳಗಳು ಹೆಚ್ಚಾಗಿ ಹುಟ್ಟುವುದೇ ಇಲ್ಲಿ.

ಇಡೀ ಮೀನಾದರೆ ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದ ಬೆರಳಿನ ಗುರುತು ಮೇಲೇಳಬೇಕು. ಏಡಿ ಗಾತ್ರಕ್ಕಿಂತ ಭಾರವಾಗಿದ್ದರೆ ಮಾಂಸವಿದೆ. ಬಳಚು, ಮರುವಾಯಿ ಬಾಯಿ ಮುಚ್ಚಿರಬೇಕು. ತೆರೆದದ್ದನ್ನು ತಟ್ಟಿದಾಗ ಮುಚ್ಚದಿದ್ದರೆ ಸತ್ತಿದೆ ಎಂದರ್ಥ, ಎಸೆಯಿರಿ. ಚಿಪ್ಪಿನ ಜೀವಿಗಳು ನೀರು ಸೋಸಿ ತಿನ್ನುವಂಥವು, ನೀರಿನ ಕೊಳಕೂ ಅವುಗಳೊಳಗೆ ಸೇರಿರುತ್ತದೆ. ಮಳೆಗಾಲದ ಮೊದಲ ನೀರು ಹೊಳೆಗೆ ಇಳಿದ ದಿನಗಳಲ್ಲಿ ಅವನ್ನು ಬಿಡುವುದೇ ಲೇಸು. ಬಂಗುಡೆ, ಬೂತಾಯಿ ಬಿಸಿಲಿನಲ್ಲಿ ಐಸಿಲ್ಲದೆ ಕೂತರೆ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಅದು ಹೋಗದು. ತಿಂದ ಒಂದು ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸಿದರೆ ಅದೇ ಇರಬಹುದು, ವೈದ್ಯರಲ್ಲಿ ಹೋಗಿ. ರಸ್ತೆಬದಿಯಲ್ಲಿ ಮಧ್ಯಾಹ್ನ ಅಗ್ಗಕ್ಕೆ ಸಿಗುವ ಬಂಗುಡೆಯನ್ನು ಕೊಳ್ಳಬಾರದೆನ್ನುವುದು ಇದಕ್ಕೇ.

ಎರಡು ಅಥವಾ ಮೂರು ದಿನವಿದ್ದರೆ

ಎರಡು ದಿನವಿದ್ದು ಎಲ್ಲರೂ ಗಟ್ಟಿಮುಟ್ಟಾಗಿದ್ದರೆ, ಮೊದಲ ದಿನ ಬೆಳಿಗ್ಗೆ ನೇತ್ರಾಣಿ, ಸಂಜೆ ಹೊನ್ನಾವರಕ್ಕೆ ಬಂದು ತಂಗಿ, ಮರುದಿನ ಇಳಿತದ ವೇಳೆ ನೋಡಿ ಕಾಂಡ್ಲಾ ನಡಿಗೆ. ಮೂರನೆಯ ದಿನ ಸಿಕ್ಕರೆ ಎರಡನೆಯ ದಿನದ ಸಂಜೆಯೇ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ಹೋಗಿ ಕಾರವಾರದಲ್ಲಿ ರಾತ್ರಿ ಕಳೆದು ಬೆಳಗಿನ ದೋಣಿ ಹಿಡಿಯಿರಿ. ಮಲ್ಪೆಯನ್ನು ಇದರೊಳಗೆ ತುರುಕಬೇಡಿ. ಮುರುಡೇಶ್ವರದಿಂದ 100 ಕಿಲೋಮೀಟರಿನ ಆಸುಪಾಸು ದಕ್ಷಿಣಕ್ಕಿರುವ ಅದಕ್ಕೆ ಬೇರೆ ವಾರಾಂತ್ಯವೇ ಸರಿ. ಮಗು ಅಥವಾ ಅಜ್ಜಿ ಜೊತೆಗಿದ್ದರೆ ನೇತ್ರಾಣಿಯ ಜಾಗದಲ್ಲಿ ಶರಾವತಿಯ ದೋಣಿ ಇಟ್ಟುಕೊಳ್ಳಿ, ಹೊಳೆಯಲ್ಲಿ ಅಲೆಯ ಕಾಟವಿಲ್ಲ.

ಮೀನು ಕಟ್ಟಿಸಿಕೊಂಡು ಮನೆಗೆ ಒಯ್ಯುವವರು ಹೊರಡುವ ದಿನ ಬೆಳಿಗ್ಗೆಯೇ ಕೊಂಡು, ಹೊಟ್ಟೆ ತೆಗೆಸಿ, ಮೀನಿನಷ್ಟೇ ತೂಕದ ಪುಡಿ ಐಸ್ ಹಾಕಿಸಿ. ಕೆಳಗೊಂದು ಪದರ ಐಸ್, ಮೇಲೆ ಮೀನು, ಮತ್ತೆ ಐಸ್. ಥರ್ಮಕೋಲ್ ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ತೂತು ಮಾಡಿ ಕೆಳಗೆ ತಟ್ಟೆಯಿಡಿ. ಕರಗಿದ ನೀರಿನಲ್ಲಿ ಮೀನು ರಾತ್ರಿಯಿಡೀ ನೆನೆದರೆ ಮಾಂಸ ಸಪ್ಪೆಯಾಗಿ ಬಿರಿಯುತ್ತದೆ. ಅಂಜಲನ್ನು ತುಂಡು ಮಾಡಿಸದೆ ಇಡಿಯಾಗಿ ಒಯ್ದು ಮನೆಯಲ್ಲೇ ಕತ್ತರಿಸಿ, ಕತ್ತರಿಸಿದಷ್ಟೂ ಬೇಗ ರಸ ಸೋರುತ್ತದೆ. ಬಳಚು, ಮರುವಾಯಿಯನ್ನು ಐಸಿನ ನೀರಿಗೆ ತಾಗಿಸಬಾರದು. ಒದ್ದೆ ಗೋಣಿಯಲ್ಲಿ ಸುತ್ತಿ ಬೇರೆಯಾಗಿಡಿ, ಮನೆ ಮುಟ್ಟಿದ ಕೂಡಲೇ ಉಪ್ಪುನೀರಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಹೊಟ್ಟೆಯ ಮರಳು ಕಕ್ಕುತ್ತವೆ.